ಗಾಳಿಯಲ್ಲಿನ ಪಾದರಸ ಯಾರದ್ದು?

ಕಳೆದ ನವೆಂಬರ್‌ನ ಒಂದು ಶನಿವಾರ. ಕ್ಲಾಸು ಮುಗಿಸಿ ಮಂಗಳೂರಿನಲ್ಲಿ ಬಸ್ಸು ಹತ್ತಿ, ಕುಂದಾಪುರದ ಹತ್ತಿರವಿರುವ ನಮ್ಮ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಜಗಳ ನಡೆದಿತ್ತು. ಸೀಮಂತ ಮುಗಿಸಿ ತವರಿಗೆ ಬಂದಿದ್ದ ಅಕ್ಕ, ಬಂಗುಡೆ ಸಾರಿನ ಬಟ್ಟಲನ್ನು ದೂರ ಸರಿಸಿ ಕೂತಿದ್ದಳು. ಅವಳ ಮೊಬೈಲಿಗೆ ಒಂದು ಫಾರ್ವರ್ಡ್ ಮೆಸೇಜು ಬಂದಿತ್ತು. ಚಿಮಣಿಗಳ ಹೊಗೆಯಿಂದ ಸಮುದ್ರಕ್ಕೆ ಪಾದರಸ ಬೀಳುತ್ತಿದೆ, ಕರಾವಳಿಯ ಮೀನೆಲ್ಲ ವಿಷ, ಗರ್ಭಿಣಿಯರು ಮುಟ್ಟಲೇಬಾರದು ಎಂದು ಅದರಲ್ಲಿತ್ತು.

ಅಮ್ಮ ಇಪ್ಪತ್ತು ವರ್ಷದಿಂದ ಬುಟ್ಟಿ ಹೊತ್ತು ಮೀನು ಮಾರಿದವಳು. ನನ್ನ ಕಾಲೇಜು ಫೀಸು ಬಂದದ್ದೂ ಆ ಬುಟ್ಟಿಯಿಂದಲೇ. ಅದೇ ಮೆಸೇಜು ಊರೆಲ್ಲ ಹರಿದಾಡಿ, ಖಾಯಂ ಗಿರಾಕಿಗಳಾದ ಎರಡು ಮನೆಯವರು ಆ ವಾರ ಮೀನು ಬೇಡ ಅಂದಿದ್ದರಂತೆ. ಅಮ್ಮನ ಸಿಟ್ಟು ನನ್ನ ಕಡೆ ತಿರುಗಿತು. ‘ನೀನ್ ಇಂಜಿನಿಯರಿಂಗ್ ಓದುದಲ್ದಾ? ಹೇಳ್ ಕಾಂಬ, ಮೀನ್ ತಿಂಬುದಾ, ಬ್ಯಾಡ್ದಾ?’

ಎಲೆಕ್ಟ್ರಾನಿಕ್ಸ್ ಐದನೇ ಸೆಮಿಸ್ಟರಿನ ನನ್ನಲ್ಲಿ ಉತ್ತರವಿರಲಿಲ್ಲ. ಸೋಮವಾರ ಬೆಳಿಗ್ಗೆ ವಾಪಸ್ ಹೋಗುವಾಗ ಹೆದ್ದಾರಿಯಿಂದ ದೂರದಲ್ಲಿ ಒಂದು ಎತ್ತರದ ಚಿಮಣಿ ಕಂಡಿತು. ನೂರಾರು ಸಲ ನೋಡಿದ್ದೇ. ಅವತ್ತು ಮಾತ್ರ ಕಟಕಟೆಯಲ್ಲಿ ನಿಂತ ಅಪರಾಧಿಯ ಹಾಗೆ ಕಾಣಿಸಿತು. ಕಾಲೇಜಿನಲ್ಲಿ ಪರಿಸರ ವಿಷಯ ಕಲಿಸುವ ಮೇಷ್ಟ್ರ ಹತ್ತಿರ ಹೋಗಿ, ‘ಸರ್, ಆ ಹೊಗೆಯಿಂದ ನಮ್ಮ ಮೀನಿಗೆ ಪಾದರಸ ಬರ್ತದಾ?’ ಎಂದು ಕೇಳಿದೆ. ಅವರು ಉತ್ತರ ಕೊಡದೆ ಎರಡು ಪ್ರಶ್ನೆ ಕೇಳಿದರು: ‘ಅಳೆದವರು ಯಾರು? ಅಳೆದಾಗ ಗಾಳಿ ಯಾವ ಕಡೆಯಿಂದ ಬೀಸ್ತಿತ್ತು?’

ಆ ಎರಡು ಪ್ರಶ್ನೆಗಳ ಹಿಂದೆ ಹೋಗಿ ನಾನು ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಗಾಳಿಯಿಂದ ಮೀನಿನವರೆಗೆ

ಹೈಸ್ಕೂಲಿನ ಲ್ಯಾಬಿನಲ್ಲಿ ಥರ್ಮಾಮೀಟರ್ ಒಡೆದಾಗ ನೆಲದ ಮೇಲೆ ಓಡಾಡಿದ ಬೆಳ್ಳಿಯ ಗುಂಡುಗಳು ನಿಮಗೂ ನೆನಪಿರಬಹುದು. ಪಾದರಸ ಸಾಮಾನ್ಯ ಉಷ್ಣತೆಯಲ್ಲೇ ಆವಿಯಾಗುವ ಲೋಹ. ಕಲ್ಲಿದ್ದಲಿನಲ್ಲಿ ಅದು ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಕಲ್ಲಿದ್ದಲು ಉರಿದಾಗ ಆವಿಯಾಗಿ ಹೊರಡುತ್ತದೆ. ಒಂದಿಷ್ಟು ಬೂದಿಯ ಜೊತೆ ಸಿಕ್ಕಿಬೀಳುತ್ತದೆ, ಉಳಿದದ್ದು ಚಿಮಣಿಯಿಂದ ಹೊರಗೆ.

ಗಾಳಿಯಲ್ಲಿ ಅದು ಮೂರು ರೂಪದಲ್ಲಿರುತ್ತದೆ. ಒಂದು, ಶುದ್ಧ ಲೋಹದ ಆವಿ. ಎರಡು, ಕ್ಲೋರಿನ್ ಅಥವಾ ಬ್ರೋಮಿನ್‌ನಂಥವುಗಳ ಜೊತೆ ಸೇರಿದ, ನೀರಿನಲ್ಲಿ ಕರಗುವ ಅನಿಲ. ಮೂರು, ದೂಳಿನ ಕಣಗಳಿಗೆ ಅಂಟಿಕೊಂಡ ಪಾದರಸ. ಎರಡನೆಯದು ಮತ್ತು ಮೂರನೆಯದು ಮಳೆಯಲ್ಲಿ ತೊಳೆದುಹೋಗಿ ಹೆಚ್ಚಾಗಿ ಹತ್ತಿರದಲ್ಲೇ ನೆಲ ಸೇರುತ್ತವೆ. ಮೊದಲನೆಯದು ಹಾಗಲ್ಲ. ತಿಂಗಳುಗಟ್ಟಲೆ ಗಾಳಿಯಲ್ಲೇ ಉಳಿದು ಖಂಡ ದಾಟಿ ಹೋಗುತ್ತದೆ. ಹಾಗಾಗಿ ನಮ್ಮೂರ ಚಿಮಣಿಯ ಪಾದರಸದ ಒಂದು ಪಾಲು ಯಾರದ್ದೋ ಸಮುದ್ರದಲ್ಲಿ ಇಳಿಯಬಹುದು, ಇನ್ಯಾವುದೋ ದೇಶದ್ದು ನಮ್ಮ ಕಡಲಿಗೆ ಬೀಳಬಹುದು.

ನೀರಿಗೆ ಬಿದ್ದ ಮೇಲೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಮರ್ಕ್ಯುರಿಯಾಗಿ ಬದಲಿಸುತ್ತವೆ. ನಿಜವಾದ ಅಪಾಯ ಇದೇ. ಪಾಚಿಯಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಹೋಗುತ್ತಾ ಪ್ರಮಾಣ ಏರುತ್ತದೆ. ಮನುಷ್ಯರಲ್ಲಿ ನರಮಂಡಲಕ್ಕೆ, ಅದರಲ್ಲೂ ಗರ್ಭದಲ್ಲಿರುವ ಮಗುವಿನ ಮಿದುಳಿಗೆ ಹಾನಿ ಮಾಡುತ್ತದೆ.

ಜಪಾನಿನ ಮಿನಮಾಟ ಪಟ್ಟಣದ ಕಥೆ ಗೊತ್ತಿರಬಹುದು. ಅಲ್ಲಿನ ಚಿಸ್ಸೊ ಕಂಪನಿಯ ಕಾರ್ಖಾನೆ ಪಾದರಸದ ತ್ಯಾಜ್ಯವನ್ನು ಕೊಲ್ಲಿಗೆ ಬಿಡುತ್ತಿತ್ತು. ಕಾಯಿಲೆ ಅಧಿಕೃತವಾಗಿ ಬೆಳಕಿಗೆ ಬಂದದ್ದು 1956ರಲ್ಲಿ. ಕುಮಾಮೊಟೊ ವಿಶ್ವವಿದ್ಯಾಲಯದ ಸಂಶೋಧಕರು 1959ರಲ್ಲೇ ಸಾವಯವ ಪಾದರಸದತ್ತ ಬೆರಳು ತೋರಿಸಿದರು. ಸರ್ಕಾರ ಅದನ್ನು ಒಪ್ಪಿಕೊಂಡದ್ದು 1968ರಲ್ಲಿ. ಅಷ್ಟೂ ವರ್ಷ ಬೆಸ್ತರ ಮನೆಗಳಲ್ಲಿ ಅದೇ ಕೊಲ್ಲಿಯ ಮೀನು ಬೇಯುತ್ತಿತ್ತು. ಅಧಿಕೃತವಾಗಿ ಗುರುತಿಸಲಾದ ರೋಗಿಗಳೇ 2,000ಕ್ಕೂ ಹೆಚ್ಚು. ಅಲ್ಲಿ ವಿಷ ಬಂದದ್ದು ನೇರವಾಗಿ ನೀರಿನ ಮೂಲಕ. ಗಾಳಿಯ ಮೂಲಕ ಬರುವುದು ಅದಕ್ಕಿಂತ ಎಷ್ಟೋ ತೆಳುವಾಗಿ, ನಿಧಾನವಾಗಿ, ಬಹಳ ವಿಸ್ತಾರವಾದ ಜಾಗದ ಮೇಲೆ. ಮೂಲ ಹುಡುಕುವುದು ಕಷ್ಟವಾಗುವುದೂ ಇದೇ ಕಾರಣಕ್ಕೆ.

ಚಿನ್ನದ ಬಲೆ

ಎಷ್ಟು ತೆಳು ಅಂತೀರಾ? ಉತ್ತರ ಗೋಳಾರ್ಧದ ಶುದ್ಧ ಗಾಳಿಯಲ್ಲಿ ಪಾದರಸದ ಪ್ರಮಾಣ ಒಂದು ಘನ ಮೀಟರಿಗೆ ಸುಮಾರು 1.5 ನ್ಯಾನೊಗ್ರಾಂ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ನ್ಯಾನೊಗ್ರಾಂ. ನಾವು ದಿನಕ್ಕೆ 20 ಘನ ಮೀಟರ್ ಗಾಳಿ ಉಸಿರಾಡುತ್ತೇವೆ ಎಂದಿಟ್ಟುಕೊಂಡರೂ ಒಳಗೆ ಹೋಗುವುದು 30 ನ್ಯಾನೊಗ್ರಾಂ. ಈಗ ಕಿಲೋಗೆ 0.05 ಮಿಲಿಗ್ರಾಂ ಪಾದರಸವಿರುವ ಒಂದು ಮೀನು ಇದೆ ಎಂದುಕೊಳ್ಳಿ. ಅದರ 100 ಗ್ರಾಂ ತಿಂದರೆ 5,000 ನ್ಯಾನೊಗ್ರಾಂ. ಹಾಗಾದರೆ ಗಾಳಿಯನ್ನು ಅಳೆಯುವುದೇಕೆ? ಉಸಿರಿನ ಭಯಕ್ಕಲ್ಲ, ಇವತ್ತು ಗಾಳಿಯಲ್ಲಿರುವುದು ನಾಳೆ ಕಡಲಿಗೆ ಇಳಿಯುತ್ತದೆ ಎಂಬ ಕಾರಣಕ್ಕೆ.

ಇಷ್ಟು ತೆಳುವಾದದ್ದನ್ನು ಹಿಡಿಯುವ ಉಪಾಯ ನನಗೆ ತುಂಬಾ ಇಷ್ಟವಾಯಿತು. ಪಾದರಸ ಮುಟ್ಟಿದರೆ ಚಿನ್ನದ ಉಂಗುರ ಬೆಳ್ಳಗಾಗುತ್ತದೆ ಎಂದು ಅಕ್ಕಸಾಲಿಗರಿಗೆ ಹಿಂದಿನಿಂದಲೂ ಗೊತ್ತು. ಚಿನ್ನ ಪಾದರಸವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಉಪಕರಣದಲ್ಲಿ ಮಾಡುವುದೂ ಇದನ್ನೇ. ಚಿನ್ನವಿರುವ ಸಣ್ಣ ಕೊಳವೆಯ ಮೂಲಕ ಐದು ನಿಮಿಷ ಗಾಳಿ ಎಳೆಯುತ್ತಾರೆ. ಪಾದರಸವೆಲ್ಲ ಚಿನ್ನಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಕೊಳವೆಯನ್ನು ಜೋರಾಗಿ ಕಾಯಿಸಿದರೆ ಅಷ್ಟೂ ಪಾದರಸ ಒಮ್ಮೆಗೇ ಹೊರಗೆ ಬರುತ್ತದೆ. ಅದನ್ನು ಆರ್ಗಾನ್ ಅನಿಲದ ಜೊತೆ ಒಂದು ಕೋಶಕ್ಕೆ ಸಾಗಿಸಿ, 253.7 ನ್ಯಾನೊಮೀಟರ್ ತರಂಗಾಂತರದ ಅತಿನೇರಳೆ ಬೆಳಕು ಬಿಡುತ್ತಾರೆ. ಪಾದರಸದ ಪರಮಾಣುಗಳು ಆ ಬೆಳಕನ್ನು ಹೀರಿ ಮತ್ತೆ ಹೊರಸೂಸುತ್ತವೆ. ಆ ಹೊಳಪನ್ನು ಸೆನ್ಸರ್ ಎಣಿಸುತ್ತದೆ. ಒಂದು ಕೊಳವೆ ಕಾಯುತ್ತಿರುವಾಗ ಇನ್ನೊಂದು ಗಾಳಿ ಎಳೆಯುತ್ತಿರುತ್ತದೆ, ಹಾಗಾಗಿ ಹಗಲು ರಾತ್ರಿ ಅಳತೆ ನಿಲ್ಲುವುದಿಲ್ಲ.

ನಿಮಿಷಕ್ಕೆ ಒಂದು ಲೀಟರಿನಂತೆ ಐದು ನಿಮಿಷ ಎಳೆದರೆ ಐದು ಲೀಟರ್ ಗಾಳಿ. ಅದರಲ್ಲಿರುವ ಪಾದರಸ 7.5 ಪಿಕೊಗ್ರಾಂ. ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಏಳೂವರೆ ಪಾಲು! ಸಿಗ್ನಲ್‌ನಿಂದ ನಾಯ್ಸ್ ಬೇರ್ಪಡಿಸುವ ಪಾಠವನ್ನು ಬರೀ ಇಂಟರ್ನಲ್ಸ್ ಮಾರ್ಕಿಗಾಗಿ ಓದಿದ್ದ ನನಗೆ ಅದು ಇಂಥ ಕೆಲಸಕ್ಕೂ ಬರುತ್ತದೆ ಎಂದು ತಿಳಿದದ್ದು ಆಗಲೇ.

ಗಾಳಿಯನ್ನೇ ಸಾಕ್ಷಿ ಕೇಳಬೇಕು

ಉಪಕರಣ 1.5ರ ಬದಲು 3 ತೋರಿಸಿತು ಅಂದುಕೊಳ್ಳಿ. ಏನೋ ಹೆಚ್ಚಾಗಿದೆ ಎಂಬುದಷ್ಟೇ ಅದರಿಂದ ಗೊತ್ತಾಗುತ್ತದೆ. ಯಾರದ್ದು ಎಂದು ತಿಳಿಯಲು ಮೇಷ್ಟ್ರ ಎರಡನೇ ಪ್ರಶ್ನೆ ಬೇಕು.

ಕರಾವಳಿಯಲ್ಲಿ ಇದಕ್ಕೊಂದು ಅನುಕೂಲವಿದೆ. ಹಗಲು ನೆಲ ಬೇಗ ಕಾಯುತ್ತದೆ, ಗಾಳಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಗಾಳಿ ನೆಲದಿಂದ ಕಡಲಿಗೆ ಹೋಗುತ್ತದೆ. ಅಂದರೆ ದಡದಲ್ಲಿ ಇಟ್ಟ ಒಂದೇ ಉಪಕರಣ ದಿನಕ್ಕೆ ಎರಡು ಕಡೆಯ ಗಾಳಿಯನ್ನು ಪರೀಕ್ಷಿಸಬಲ್ಲದು. ಮಳೆಗಾಲದಲ್ಲಿ ನೈರುತ್ಯ ಮಾರುತ ಸಮಭಾಜಕ ವೃತ್ತ ದಾಟಿ ಸಾವಿರಾರು ಕಿಲೋಮೀಟರ್ ಸಮುದ್ರದ ಮೇಲಿಂದ ಬರುತ್ತದೆ. ಚಳಿಗಾಲದಲ್ಲಿ ಒಳನಾಡಿನ ಗಾಳಿ ಬರುತ್ತದೆ. ಒಂದು ವರ್ಷದ ದಾಖಲೆ ಇದ್ದರೆ ಹೋಲಿಸಿ ನೋಡಬಹುದು.

ಆದರೆ ಗಾಳಿಯ ದಿಕ್ಕೊಂದನ್ನೇ ನಂಬಿದರೂ ಮೋಸ ಹೋಗುತ್ತೇವೆ. ರಾತ್ರಿ ಗಾಳಿಯ ಕೆಳಪದರ ತಗ್ಗಿ, ಇದ್ದಬದ್ದ ಹೊಗೆಯೆಲ್ಲ ನೆಲದ ಹತ್ತಿರ ಸೇರುತ್ತದೆ. ಹೊಸ ಮೂಲ ಯಾವುದೂ ಇಲ್ಲದೆಯೂ ಅಂಕಿ ಏರಬಹುದು. ಅದಕ್ಕೇ ಜೊತೆಯ ಅನಿಲಗಳನ್ನೂ ಅಳೆಯುತ್ತಾರೆ. ಪಾದರಸದ ಜೊತೆ ಸಲ್ಫರ್ ಡೈಆಕ್ಸೈಡ್ ಏರಿದರೆ ಕಲ್ಲಿದ್ದಲಿನ ಅನುಮಾನ. ಆದರೆ ಬಂದರಿಗೆ ಬರುವ ಹಡಗುಗಳೂ ಗಂಧಕದ ಹೊಗೆ ಉಗುಳುತ್ತವೆ ಎಂಬುದು ನೆನಪಿರಬೇಕು. ಕಾರ್ಬನ್ ಮೊನಾಕ್ಸೈಡ್ ಜೊತೆಯಲ್ಲಿ ಏರಿದರೆ ಕಸ, ಸೌದೆ, ಕೃಷಿ ತ್ಯಾಜ್ಯದಂಥ ಯಾವುದೋ ಸುಡುತ್ತಿರುವ ಸೂಚನೆ. ಅಮೆರಿಕದ ನೋವಾ ಸಂಸ್ಥೆಯ ಹೈಸ್ಪ್ಲಿಟ್ ಎಂಬ ಉಚಿತ ಸಾಧನದಲ್ಲಿ, ಇವತ್ತು ನಮ್ಮೂರಿಗೆ ಬಂದ ಗಾಳಿ ಮೂರು ದಿನದ ಹಿಂದೆ ಎಲ್ಲಿತ್ತು ಎಂದು ಹಿಂದಕ್ಕೆ ಜಾಡು ಹಿಡಿಯಬಹುದು. ಇದನ್ನು ನಾನೇ ಹಾಸ್ಟೆಲಿನ ವೈಫೈನಲ್ಲಿ ಮಾಡಿ ನೋಡಿದೆ. ಇನ್ನೂ ಆಳಕ್ಕೆ ಹೋಗುವವರು ಪಾದರಸದ ಏಳು ಸ್ಥಿರ ಐಸೊಟೋಪುಗಳ ಅನುಪಾತವನ್ನು ಬೆರಳಚ್ಚಿನ ಹಾಗೆ ಬಳಸುತ್ತಾರೆ.

ಕಡಲೂ ಸುಮ್ಮನಿಲ್ಲ

ಇಷ್ಟೆಲ್ಲ ಓದುವಾಗ ನನಗೆ ಅಚ್ಚರಿ ತಂದದ್ದು ಕಡಲಿನ ಪಾತ್ರ. ಸಮುದ್ರ ಪಾದರಸವನ್ನು ಪಡೆಯುವುದಷ್ಟೇ ಅಲ್ಲ, ಬಿಸಿಲಿಗೆ ಅದರ ಒಂದು ಭಾಗವನ್ನು ಆವಿಯಾಗಿ ಗಾಳಿಗೆ ಹಿಂತಿರುಗಿಸುತ್ತದೆ. ಅದರಲ್ಲಿ ಶತಮಾನಗಳ ಹಿಂದೆ ಬೆಳ್ಳಿ, ಚಿನ್ನದ ಗಣಿಗಳಿಂದ ಬಂದದ್ದೂ ಇರುತ್ತದೆ. ಮಧ್ಯಾಹ್ನ ಕಡಲಗಾಳಿಯಲ್ಲಿ ಅಂಕಿ ಸ್ವಲ್ಪ ಏರಿ, ಹೊಗೆಯ ಅನಿಲ ಏರದಿದ್ದರೆ, ಅದು ಕಡಲೇ ಬಿಟ್ಟ ಹಳೆಯ ಪಾದರಸ ಇರಬಹುದು.

ಕಡಲಗಾಳಿ ಪಾದರಸವನ್ನು ಇಳಿಸುವುದೂ ಉಂಟು. ಕೆನಡಾದ ಉತ್ತರ ತುದಿಯಲ್ಲಿ, ಹೆಪ್ಪುಗಟ್ಟಿದ ಸಮುದ್ರದ ದಡದಲ್ಲಿ ಅಲರ್ಟ್ ಎಂಬ ಕೇಂದ್ರವಿದೆ. 1995ರ ವಸಂತದಲ್ಲಿ ಅಲ್ಲಿನ ಉಪಕರಣದಲ್ಲಿ ಪಾದರಸದ ಪ್ರಮಾಣ ಮತ್ತೆ ಮತ್ತೆ ಶೂನ್ಯದ ಹತ್ತಿರಕ್ಕೆ ಕುಸಿಯಿತು. ಸಮುದ್ರದ ಉಪ್ಪಿನಿಂದ ಬಂದ ಬ್ರೋಮಿನ್, ಧ್ರುವದ ಮೊದಲ ಬಿಸಿಲಿನಲ್ಲಿ ಪಾದರಸದ ಆವಿಯನ್ನು ಕರಗುವ ರೂಪಕ್ಕೆ ಬದಲಿಸಿ ಹಿಮದ ಮೇಲೆ ಇಳಿಸುತ್ತಿತ್ತು. ಗಾಳಿ ಶುದ್ಧವಾಯಿತು ಎಂದು ಖುಷಿಪಡುವಂತಿರಲಿಲ್ಲ. ಪಾದರಸ ಹಿಮಕ್ಕೆ ಜಾಗ ಬದಲಿಸಿತ್ತು ಅಷ್ಟೆ. ವರ್ಷಗಟ್ಟಲೆ ಬಿಡದೆ ಅಳೆದರೆ ಮಾತ್ರ ಇಂಥದ್ದು ಕಣ್ಣಿಗೆ ಬೀಳುತ್ತದೆ. ಐರ್ಲೆಂಡಿನ ಪಶ್ಚಿಮ ಕರಾವಳಿಯ ಮೇಸ್ ಹೆಡ್ ಕೇಂದ್ರದಲ್ಲೂ 1995ರಿಂದ ಅಳೆಯುತ್ತಿದ್ದಾರೆ. ಅಟ್ಲಾಂಟಿಕ್ ಕಡೆಯಿಂದ ಬರುವ ಗಾಳಿಯಲ್ಲಿ ಪಾದರಸ ನಿಧಾನಕ್ಕೆ ಇಳಿಯುತ್ತಿರುವುದನ್ನು ಜಗತ್ತಿಗೆ ತೋರಿಸಿದ್ದು ಅಂಥ ದಾಖಲೆ.

ನಮ್ಮ ಪಟ್ಟಿಯಲ್ಲಿ ಪಾದರಸವಿಲ್ಲ

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ, 2015ರಲ್ಲಿ ಮನುಷ್ಯರ ಚಟುವಟಿಕೆಯಿಂದ ಗಾಳಿಗೆ ಸೇರಿದ ಪಾದರಸ ಸುಮಾರು 2,220 ಟನ್. ಅದರಲ್ಲಿ ಶೇ 38ರಷ್ಟು ಸಣ್ಣ ಪ್ರಮಾಣದ ಚಿನ್ನದ ಗಣಿಗಾರಿಕೆಯಿಂದ, ಶೇ 21ರಷ್ಟು ಕಲ್ಲಿದ್ದಲು ಸುಡುವುದರಿಂದ. ಇದನ್ನು ತಗ್ಗಿಸಲು 2013ರಲ್ಲಿ ರೂಪುಗೊಂಡ ಮಿನಮಾಟ ಒಪ್ಪಂದ 2017ರಲ್ಲಿ ಜಾರಿಗೆ ಬಂತು. ಭಾರತ 2018ರಲ್ಲಿ ಅನುಮೋದಿಸಿತು.

ನಮ್ಮ ಕರಾವಳಿಗೂ ಪಾದರಸ ಹೊಸದಲ್ಲ. ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯೊಂದರ ಸುತ್ತಮುತ್ತಲಿನ ಪಾದರಸದ ಬಗ್ಗೆ 1990ರಲ್ಲೇ ‘ಮರೀನ್ ಪೊಲ್ಯೂಷನ್ ಬುಲೆಟಿನ್’ ಪತ್ರಿಕೆಯಲ್ಲಿ ಸಂಶೋಧನಾ ಲೇಖನ ಬಂದಿತ್ತು. ಉಪ್ಪುನೀರಿನಿಂದ ಕಾಸ್ಟಿಕ್ ಸೋಡಾ ಮಾಡುವ ಹಳೆಯ ವಿಧಾನದಲ್ಲಿ ಪಾದರಸ ಬೇಕಿತ್ತು. ಈಗ ಅದರ ಜಾಗಕ್ಕೆ ಪಾದರಸವಿಲ್ಲದ ಮೆಂಬ್ರೇನ್ ವಿಧಾನ ಬಂದಿದೆ. ಅಳೆದದ್ದರಿಂದ, ಪ್ರಶ್ನೆ ಕೇಳಿದ್ದರಿಂದ ತಂತ್ರಜ್ಞಾನ ಬದಲಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಚಿಮಣಿಗೆ 2015ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಪಾದರಸದ ಮಿತಿ ಹಾಕಿತು: ಘನ ಮೀಟರಿಗೆ 0.03 ಮಿಲಿಗ್ರಾಂ. ಸರಿ. ಆದರೆ ನಾವು ಉಸಿರಾಡುವ ಗಾಳಿಗೆ 2009ರಲ್ಲಿ ನಿಗದಿಯಾದ ರಾಷ್ಟ್ರೀಯ ಗುಣಮಟ್ಟದ ಪಟ್ಟಿಯನ್ನು ತೆಗೆದು ನೋಡಿ. ಹನ್ನೆರಡು ಮಾಲಿನ್ಯಕಾರಕಗಳಿವೆ. ಸೀಸ ಇದೆ, ಆರ್ಸೆನಿಕ್ ಇದೆ, ನಿಕ್ಕಲ್ ಇದೆ. ಪಾದರಸ ಇಲ್ಲ. ಊರಿನ ವಾಯು ಗುಣಮಟ್ಟ ಸೂಚ್ಯಂಕ ‘ಉತ್ತಮ’ ಎಂದು ಹಸಿರು ತೋರಿಸಿದರೆ ಅದರಲ್ಲಿ ಪಾದರಸದ ಲೆಕ್ಕವಿರುವುದಿಲ್ಲ. ಜಾಗತಿಕ ಪಾದರಸ ವೀಕ್ಷಣಾ ಜಾಲದಲ್ಲಿ ದಕ್ಷಿಣ ಭಾರತದಿಂದ ಕೊಡೈಕೆನಾಲ್ ಸೇರಿತ್ತು, ಆದರೆ ಅದು ಬೆಟ್ಟದ ಮೇಲಿನ ಕೇಂದ್ರ. ಮೀನು ತಿಂದು, ಮೀನು ಮಾರಿ ಬದುಕುವ ಕಡಲತೀರಕ್ಕೆ ಅದರದ್ದೇ ದಾಖಲೆ ಬೇಡವೇ? ಅಳತೆ ಇಲ್ಲದ ಕಡೆ ಫಾರ್ವರ್ಡ್ ಮೆಸೇಜೇ ವಿಜ್ಞಾನವಾಗುತ್ತದೆ. ಅದರ ಪೆಟ್ಟು ಬೀಳುವುದು ಚಿಮಣಿಗಲ್ಲ, ಅಮ್ಮನ ಬುಟ್ಟಿಗೆ.

ನಮ್ಮ ಕೈಲಿ ಏನಾದೀತು?

ಚಿನ್ನದ ಬಲೆಯ ಉಪಕರಣ ಸಾಮಾನ್ಯ ಕಾಲೇಜಿನ ಕೈಗೆಟುಕುವುದಲ್ಲ. ಆದರೆ ಕರೆಂಟೇ ಬೇಡದ ಇನ್ನೊಂದು ದಾರಿಯಿದೆ. ಸಕ್ರಿಯ ಇಂಗಾಲ ತುಂಬಿದ ಸಣ್ಣ ಕೊಳವೆಯನ್ನು ಒಂದೆರಡು ತಿಂಗಳು ಹೊರಗೆ ನೇತುಹಾಕಿ, ಆಮೇಲೆ ಪ್ರಯೋಗಾಲಯಕ್ಕೆ ಕಳಿಸಿದರೆ ಆ ಅವಧಿಯ ಸರಾಸರಿ ಸಿಗುತ್ತದೆ. ಗಂಟೆ ಗಂಟೆಯ ಏರಿಳಿತ ಇದರಲ್ಲಿ ಸಿಗುವುದಿಲ್ಲ. ಆದರೆ ಹತ್ತು ಊರಿನಲ್ಲಿ ಹತ್ತು ಕೊಳವೆ ಕಟ್ಟಿದರೆ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂಬ ನಕ್ಷೆ ಸಿಗುತ್ತದೆ. ಕಾರವಾರದಿಂದ ಮಂಗಳೂರಿನವರೆಗೆ ಕಡಲಿನ ಹತ್ತಿರ ಎಷ್ಟು ಕಾಲೇಜುಗಳಿವೆ! ಒಂದೊಂದು ತಾರಸಿಯಲ್ಲಿ ಒಂದೊಂದು ಕೊಳವೆ, ಪಕ್ಕದಲ್ಲಿ ಗಾಳಿಯ ದಿಕ್ಕು ಬರೆದಿಡುವ ಯಂತ್ರ. ಫೈನಲ್ ಇಯರ್ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೇ?

ಕೆಲಸದ ದೃಷ್ಟಿಯಿಂದಲೂ ಯೋಚಿಸಿ. ಕೋಡಿಂಗ್ ಒಂದೇ ದಾರಿ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ಮಾಲಿನ್ಯ ನಿಯಂತ್ರಣ ಮಂಡಳಿಗಳಿಗೆ, ಪರೀಕ್ಷಾ ಪ್ರಯೋಗಾಲಯಗಳಿಗೆ, ಕಾರ್ಖಾನೆಗಳ ಹೊಗೆ ಮಾಪನ ವಿಭಾಗಕ್ಕೆ ಉಪಕರಣ ಬಲ್ಲವರು ಬೇಕು. ಗೇಟ್ ಪರೀಕ್ಷೆಯಲ್ಲಿ 2021ರಿಂದ ಪರಿಸರ ವಿಜ್ಞಾನ ಮತ್ತು ಇಂಜಿನಿಯರಿಂಗ್‌ಗೆ ಪ್ರತ್ಯೇಕ ಪತ್ರಿಕೆಯೇ ಇದೆ. ಎಲೆಕ್ಟ್ರಾನಿಕ್ಸ್, ಕೆಮಿಕಲ್, ಸಿವಿಲ್, ಕಂಪ್ಯೂಟರ್ ಸೈನ್ಸ್ ಎಲ್ಲರಿಗೂ ಇದರಲ್ಲಿ ಜಾಗವಿದೆ.

ನಾನು ಅರ್ಧ ದಾರಿಯಿಂದ ಶುರು ಮಾಡಿದೆ. ಪಾದರಸ ಅಳೆಯುವ ಶಕ್ತಿ ಇಲ್ಲದಿದ್ದರೂ ಗಾಳಿಯನ್ನು ಅಳೆಯಬಹುದಲ್ಲ? ಕ್ರಿಸ್‌ಮಸ್ ರಜೆಯಲ್ಲಿ ಆರ್ಡುಯಿನೊ ಬೋರ್ಡಿಗೆ ಗಾಳಿಯ ದಿಕ್ಕು ಮತ್ತು ವೇಗದ ಸೆನ್ಸರ್ ಜೋಡಿಸಿ ಮನೆಯ ಮಾಡಿನ ಮೇಲೆ ನಿಲ್ಲಿಸಿದೆ. ಬೆಳಿಗ್ಗೆ ಪೂರ್ವದ ಗಾಳಿ, ಮಧ್ಯಾಹ್ನದ ಹೊತ್ತಿಗೆ ಪಶ್ಚಿಮಕ್ಕೆ ತಿರುಗುವ ಗೆರೆ ಗ್ರಾಫಿನಲ್ಲಿ ಚೆಂದವಾಗಿ ಬಂತು. ಹೆಮ್ಮೆಯಿಂದ ಅಪ್ಪನಿಗೆ ತೋರಿಸಿದೆ. ನಲವತ್ತು ವರ್ಷ ದೋಣಿಯಲ್ಲಿ ಕಳೆದ ಅಪ್ಪ ನಕ್ಕುಬಿಟ್ಟರು. ‘ಎಂತ ಮಾರಾಯ್ತಿ, ಇದ್ನ್ ತಿಳ್ಕಂಬುಕೆ ಮಿಷಿನ್ ಬೇಕಾ?’ ಅವರ ಅಪ್ಪನ ಕಾಲದಲ್ಲಿ ರಾತ್ರಿಯ ನೆಲಗಾಳಿಗೆ ಹಾಯಿ ಬಿಚ್ಚಿ ಹೋಗಿ, ಹಗಲಿನ ಕಡಲಗಾಳಿಗೆ ದಡ ಸೇರುತ್ತಿದ್ದರಂತೆ. ಯಾವ ಮಾಸದಲ್ಲಿ ಗಾಳಿ ಎಷ್ಟು ಹೊತ್ತಿಗೆ ತಿರುಗುತ್ತದೆ ಎಂದು ಅವರು ಹೇಳಿದ್ದನ್ನೂ ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಈಗ ಮೇಷ್ಟ್ರು, ನಾನು ಮತ್ತು ಮೂವರು ಗೆಳತಿಯರು ಕೊಳವೆಗಳಿಗಾಗಿ ಪ್ರಾಜೆಕ್ಟ್ ಪ್ರಸ್ತಾವ ಬರೆಯುತ್ತಿದ್ದೇವೆ.

ಅಕ್ಕನ ವಿಷಯ ಹೇಳದೆ ಮುಗಿಸಿದರೆ ಅಮ್ಮ ಬೈಯುತ್ತಾಳೆ. ಫಾರ್ವರ್ಡ್ ಮೆಸೇಜನ್ನು ಡಾಕ್ಟರಿಗೇ ತೋರಿಸಿದೆವು. ಶಾರ್ಕ್‌ನಂಥ ದೊಡ್ಡ ಬೇಟೆಗಾರ ಮೀನುಗಳನ್ನು ಬಿಡಿ, ಬೂತಾಯಿ, ಬಂಗುಡೆಯಂಥ ಸಣ್ಣ ಮೀನನ್ನು ವಾರಕ್ಕೆ ಎರಡು ಸಲ ಮಿತವಾಗಿ ತಿನ್ನಿ, ಮಗುವಿನ ಮಿದುಳಿಗೆ ಅದರ ಎಣ್ಣೆಯಂಶ ಬೇಕು ಎಂದರು ಅವರು. ಸಣ್ಣ ಮೀನು ಆಹಾರ ಸರಪಳಿಯ ಕೆಳಗಿರುತ್ತದೆ, ಕಡಿಮೆ ದಿನ ಬದುಕುತ್ತದೆ, ಹಾಗಾಗಿ ಅದರಲ್ಲಿ ಪಾದರಸ ಕಡಿಮೆ ಸೇರುತ್ತದೆ ಎಂದು ನಾನೂ ಸೇರಿಸಿದೆ. ಅಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಮೀನು ಬೇಡ ಎಂದಿದ್ದ ಎರಡು ಮನೆಗಳಲ್ಲಿ ಒಂದು ಮನೆಯವರು ಮತ್ತೆ ಅಮ್ಮನನ್ನು ಕರೆದಿದ್ದಾರೆ.

ಇನ್ನೊಂದು ಮನೆಯವರು ಇನ್ನೂ ಕರೆದಿಲ್ಲ. ನಮ್ಮ ಕಡಲಿನ ಗಾಳಿಯಲ್ಲಿ ಪಾದರಸ ಎಷ್ಟಿದೆ, ಅದು ಎಲ್ಲಿಯದು ಎಂದು ನಮ್ಮದೇ ಅಳತೆ ಹಿಡಿದು ಅವರ ಮನೆ ಬಾಗಿಲಿಗೆ ಹೋಗಬೇಕು ಎಂಬುದು ನನ್ನ ಆಸೆ. ಚಿಮಣಿಯದ್ದೇ ತಪ್ಪು ಎಂದು ಬಂದರೆ ಅದನ್ನೂ ಹೇಳುತ್ತೇನೆ. ಅಲ್ಲ ಎಂದು ಬಂದರೆ ಅದನ್ನೂ. ಈಗ ಬಸ್ಸಿನಲ್ಲಿ ಹೋಗುವಾಗ ನಾನು ಮೊದಲು ನೋಡುವುದು ಹೊಗೆ ಯಾವ ಕಡೆ ವಾಲುತ್ತಿದೆ ಎಂದು.